ಬಾಯಿ ಒಗರಾಗೋ ಬೆರ್ರಿಗಳು: ಫಿನ್ಲೆಂಡ್, ಸ್ವೀಡನ್ ಹಣ್ಣುಗಳ ಬಗ್ಗೆ ಬಂದ ಪ್ರಶ್ನೆಗಳು

ಆಗಸ್ಟ್ ಬಂತು ಅಂದ್ರೆ ಉತ್ತರ ಯುರೋಪಲ್ಲಿರೋ ಕನ್ನಡದವರಿಂದ ನನಗೆ ಬರೋ ಮೇಲ್ ಎಲ್ಲಾ ಒಂದೇ ಥರ. ಕಾಡಿಗೆ ಹೋಗಿದ್ವಿ, ಬಕೆಟ್ ತುಂಬಾ ಬೆರ್ರಿ ಕಿತ್ಕೊಂಡು ಬಂದಿದೀವಿ, ಈಗ ಏನು ಮಾಡೋದು? ಇದೇ ಹಣ್ಣುಗಳ ಬಗ್ಗೆ ನಮ್ಮ ದೇಶದಿಂದಲೂ ಕೇಳ್ತಾರೆ. ಈ ಸಲ ಅಲ್ಲಿಂದ ಎರಡು, ಇಲ್ಲಿಂದ ಮೂರು, ಒಟ್ಟು ಐದು ಆರಿಸ್ಕೊಂಡಿದೀನಿ.

ಫಿನ್ಲೆಂಡ್‌ನ ಎಸ್ಪೂದಿಂದ ಒಬ್ಬರು: ಅಮ್ಮ ಎರಡು ತಿಂಗಳಿಗೆ ಅಂತ ಬಂದಿದಾರೆ ಸಾರ್, 64 ವರ್ಷ, ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ತಾರೆ. ಮನೆ ಹಿಂದಿನ ಕಾಡಲ್ಲಿ ಮುಸ್ತಿಕ್ಕಾ ಅನ್ನೋ ಬೆರ್ರಿ ರಾಶಿ ರಾಶಿ ಇದೆ. ಪಕ್ಕದ ಮನೆಯಜ್ಜಿ ಇದು ಶುಗರ್ ಇಳಿಸುತ್ತೆ ಅಂದ್ರಂತೆ, ಅವತ್ತಿಂದ ಅಮ್ಮ ಮಾತ್ರೆ ಬಿಟ್ಬಿಡ್ಲಾ ಅಂತಿದಾರೆ. ಇದು ಅಂಗಡಿಲಿ ಸಿಗೋ ಬ್ಲೂಬೆರ್ರಿನೇ ತಾನೆ?

ಮೊದ್ಲು ಅಮ್ಮನಿಗೆ ಹೇಳಿ, ಮಾತ್ರೆ ಬಿಡೋ ಮಾತೇ ಇಲ್ಲ. ಇನ್ನು ಅಂಗಡಿ ಬ್ಲೂಬೆರ್ರಿ ಬೇರೆ, ಇದು ಬೇರೆ. ಎರಡನ್ನೂ ಒಂದೊಂದು ತಗೊಂಡು ಅರ್ಧ ಮಾಡಿ ನೋಡಿ. ಡಬ್ಬಿಲಿ ಬರೋದು ಅಮೆರಿಕ ಮೂಲದ ತೋಟದ ಜಾತಿ, ಸಿಪ್ಪೆ ಮಾತ್ರ ನೀಲಿ, ಒಳಗೆ ಬಿಳಿಚಿಕೊಂಡ ಹಸಿರು. ಕಾಡಿನ ಮುಸ್ತಿಕ್ಕಾ, ಅಂದ್ರೆ ಬಿಲ್‌ಬೆರ್ರಿ, ಒಳಗೂ ಕಡುನೇರಳೆ, ನಾಲಿಗೆ ಹಲ್ಲು ಬೆರಳು ಎಲ್ಲಾ ಬಣ್ಣ. ಚಿಕ್ಕವರಿದ್ದಾಗ ನೇರಳೆಹಣ್ಣು ತಿಂದು ನಾಲಿಗೆ ತೋರಿಸ್ಕೋತಿದ್ವಲ್ಲ, ಆ ಬಣ್ಣದ ಜಾತಿನೇ ಇದೂ, ಆಂಥೋಸಯನಿನ್ ಅಂತಾರೆ. ಬಿಲ್‌ಬೆರ್ರಿಲಿ ಇದು ತೋಟದ ಬ್ಲೂಬೆರ್ರಿಗಿಂತ ಎಷ್ಟೋ ಪಟ್ಟು ಜಾಸ್ತಿ.

ಪಕ್ಕದ ಮನೆಯಜ್ಜಿ ಪೂರ್ತಿ ಸುಳ್ಳೇನೂ ಹೇಳಿಲ್ಲ. 2010ರಲ್ಲಿ ಫಿನ್ಲೆಂಡ್‌ನ ಕುವೋಪಿಯೋದಲ್ಲಿ ರೀಟ್ಟಾ ತೋರ್ರೊನೆನ್ ಅನ್ನೋ ಸಂಶೋಧಕಿ ಮತ್ತೆ ಅವರ ತಂಡದೋರು ಒಂದು ಪ್ರಯೋಗ ಪ್ರಕಟಿಸಿದ್ರು. ಹನ್ನೆರಡು ಜನಕ್ಕೆ ಒಂದು ದಿನ 35 ಗ್ರಾಂ ಸಕ್ಕರೆ ಹಂಗೇ ಕೊಟ್ರು, ಇನ್ನೊಂದು ದಿನ ಅಷ್ಟೇ ಸಕ್ಕರೆನ 150 ಗ್ರಾಂ ರುಬ್ಬಿದ ಬೆರ್ರಿ ಜೊತೆ ಕೊಟ್ರು (ಬಿಲ್‌ಬೆರ್ರಿ, ಕಪ್ಪು ಕರಂಟ್, ಕ್ರ್ಯಾನ್‌ಬೆರ್ರಿ, ಸ್ಟ್ರಾಬೆರ್ರಿ ಮಿಕ್ಸ್). ಬೆರ್ರಿ ಇದ್ದ ದಿನ ಮೊದಲ ಅರ್ಧ ಗಂಟೇಲಿ ರಕ್ತದ ಸಕ್ಕರೆ ಅಷ್ಟು ಜೋರಾಗಿ ಏರಲಿಲ್ಲ, ನಮ್ಮ ಮೀಟರ್ ಲೆಕ್ಕದಲ್ಲಿ ಏರಿಕೆಯ ತುದಿ ಸುಮಾರು 18 ಪಾಯಿಂಟ್ ಕಮ್ಮಿ. ಆದ್ರೆ ಎರಡೂವರೆ ಗಂಟೆ ಹೊತ್ತಿಗೆ ನೋಡಿದ್ರೆ ಬೆರ್ರಿ ತಿಂದ ದಿನದ್ದೇ ಸ್ವಲ್ಪ ಮೇಲಿತ್ತು. ಅಂದ್ರೆ ಸಕ್ಕರೆ ಎಲ್ಲೂ ಮಾಯ ಆಗಿಲ್ಲ, ಒಂದೇ ಸಲ ನುಗ್ಗೋ ಬದಲು ನಿಧಾನಕ್ಕೆ ಬಂತು ಅಷ್ಟೆ. ಇನ್ನೊಂದು ವಿಷಯ, ಆ ಹನ್ನೆರಡು ಜನರೂ ಆರೋಗ್ಯವಂತರು, ಶುಗರ್ ಇದ್ದೋರಲ್ಲ.

ಹಾಗಾಗಿ ಅಮ್ಮ ದಿನಕ್ಕೊಂದು ಬಟ್ಟಲು ಆರಾಮಾಗಿ ತಿನ್ಲಿ, ನೂರು ಗ್ರಾಮಲ್ಲಿ ಸಕ್ಕರೆ ಆರೇಳು ಗ್ರಾಂ ಇರಬಹುದು, ಮಾವಿನಹಣ್ಣಿಗೆ ಹೋಲಿಸಿದ್ರೆ ಸುಮಾರು ಅರ್ಧ. ಆದ್ರೆ ಅದೇ ಹಣ್ಣನ್ನ ಮುಸ್ತಿಕ್ಕಾಪೀರಕ್ಕಾ ಮಾಡಿ, ಅಂದ್ರೆ ಬೆಣ್ಣೆ ಹಿಟ್ಟು ಸಕ್ಕರೆ ಹಾಕಿ ಬೇಯಿಸಿ ಮೇಲೆ ವೆನಿಲ್ಲಾ ಸಾಸ್ ಸುರಿದು, ಹಣ್ಣೇ ಅಲ್ವಾ ಅಂತ ಎರಡು ಪೀಸ್ ತಿಂದ್ರೆ ನನ್ನ ಹೆಸರು ಹೇಳ್ಬೇಡಿ.

ಸ್ವೀಡನ್‌ನ ಗೋಥೆನ್‌ಬರ್ಗ್‌ನಿಂದ ಒಬ್ಬ ತಾಯಿ: ಇಲ್ಲಿ ಕಾಡಲ್ಲಿ ಸಿಗೋ ಕೆಂಪು ಲಿಂಗಾನ್‌ಬೆರ್ರಿ ಬಾಯಿಗಿಟ್ರೆ ಮಗಳು ಮುಖ ಕಿವುಚಿ ಉಗಿದುಬಿಡ್ತಾಳೆ. ನಂಗೂ ಇಷ್ಟ ಆಗಲ್ಲ, ನಿಜ ಹೇಳ್ಬೇಕು ಅಂದ್ರೆ. ಯಾಕಿಷ್ಟು ಒಗರು? ಸಕ್ಕರೆ ಹಾಕಿದ್ರೆ ಒಳ್ಳೆ ಗುಣ ಹೋಗ್ಬಿಡುತ್ತಾ?

ಒಗರು ಅಂತ ಬರೆದ್ರಲ್ಲ ಮೇಡಂ, ಅಲ್ಲೇ ಅರ್ಧ ಉತ್ತರ ಇದೆ. ರುಚಿ ಪರೀಕ್ಷೆ ಮಾಡೋ ಲ್ಯಾಬ್‌ಗಳಲ್ಲಿ ಜನಕ್ಕೆ ಕಹಿ ಯಾವುದು, ಬಾಯಿ ಒಣಗಿ ಬಿಗಿಯೋದು ಯಾವುದು ಅಂತ ಬೇರೆ ಬೇರೆ ಗುರುತಿಸೋಕೆ ಮೊದ್ಲು ಟ್ರೈನಿಂಗ್ ಕೊಡ್ತಾರೆ, ಎಷ್ಟೋ ಜನ ಎರಡನ್ನೂ ಕಲಸಿಬಿಡ್ತಾರೆ. ನಮಗೆ ಹುಳಿ ಬೇರೆ ಕಹಿ ಬೇರೆ ಒಗರು ಬೇರೆ ಅಂತ ಅಜ್ಜಿ ಕಾಲದಿಂದ ಗೊತ್ತು, ಗೇರುಹಣ್ಣು ಕಚ್ಚಿದೋರಿಗೆ ಯಾರೂ ಪಾಠ ಮಾಡ್ಬೇಕಿಲ್ಲ.

ಲಿಂಗಾನಲ್ಲಿ ಈ ಮೂರೂ ಒಟ್ಟಿಗಿದೆ. ಹುಳಿ ಹಣ್ಣಿನ ಆಮ್ಲಗಳಿಂದ. ಕಹಿಗೆ ಆರ್ಬ್ಯುಟಿನ್ ಥರದ ವಸ್ತುಗಳು ಕಾರಣ. ಒಗರು ಮಾತ್ರ ಸರಿಯಾಗಿ ನೋಡಿದ್ರೆ ರುಚಿನೇ ಅಲ್ಲ, ಮುಟ್ಟಿದ ಹಾಗಿನ ಅನುಭವ. ಪ್ರೊಆಂಥೋಸಯನಿಡಿನ್ ಅನ್ನೋ ಟ್ಯಾನಿನ್‌ಗಳು ನಮ್ಮ ಜೊಲ್ಲಲ್ಲಿರೋ ಪ್ರೋಟೀನ್‌ಗೆ ಅಂಟ್ಕೊಂಡು ಗಂಟು ಕಟ್ತವೆ, ಜೊಲ್ಲಿನ ಜಾರಿಕೆ ಹೋಗುತ್ತೆ, ನಾಲಿಗೆ ಕೆನ್ನೆಗೆ ಉಜ್ಜಿದಂಗೆ ಆಗುತ್ತೆ. ತಮಾಷೆ ಏನಂದ್ರೆ ಆರೋಗ್ಯಕ್ಕೆ ಒಳ್ಳೇದು ಅಂತ ವಿಜ್ಞಾನಿಗಳು ಹಿಂದೆ ಬಿದ್ದಿರೋದೂ ಇದೇ ಟ್ಯಾನಿನ್, ಅಂದ್ರೆ ಗಿಡಗಳಲ್ಲಿರೋ ಪಾಲಿಫಿನಾಲ್ ಅನ್ನೋ ವಸ್ತುಗಳ ಹಿಂದೆ. ಮಗಳು ಉಗೀತಿರೋದೂ ಅದನ್ನೇ! ಫಿನ್ಲೆಂಡ್‌ನ ತುರ್ಕು ಯೂನಿವರ್ಸಿಟಿಯೋರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾರೆ. ಕಹಿ ಗ್ರಹಿಸೋ ಒಂದು ಜೀನ್ ಇದೆ, ಅದು ಒಬ್ಬೊಬ್ಬರಲ್ಲಿ ಒಂದೊಂದು ಥರ, ಬೆರ್ರಿ ಇಷ್ಟ ಆಗೋದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೂಡ ನೋಡಿದಾರೆ. ಮಗಳಿಗೆ ಬೈಬೇಡಿ, ಅವಳ ನಾಲಿಗೆ ನಿಮ್ಮದಕ್ಕಿಂತ ಚುರುಕಿರಬಹುದು.

ಸಕ್ಕರೆ ಹಾಕಿದ ಮಾತ್ರಕ್ಕೆ ಪಾಲಿಫಿನಾಲ್ ಎಲ್ಲೂ ಹೋಗಲ್ಲ, ಆದ್ರೆ ಬಟ್ಟಲಿಗೆ ಸಕ್ಕರೆ ಸೇರುತ್ತಲ್ಲ, ಅದು ಲೆಕ್ಕಕ್ಕೆ ಬರುತ್ತೆ. ಅಂಗಡಿ ಜ್ಯೂಸಲ್ಲಿ ಇನ್ನೊಂದು ನಷ್ಟ, ಹಿಂಡಿದಾಗ ಸಿಪ್ಪೆ ಬೀಜದಲ್ಲಿರೋದು ಬಹುಪಾಲು ಚರಟದಲ್ಲೇ ಉಳಿಯುತ್ತೆ, ಅದಕ್ಕೇ ಜ್ಯೂಸ್ ಬಾಯಿಗೆ ಹಿತ. ಸಕ್ಕರೆಗಿಂತ ಒಳ್ಳೆ ಉಪಾಯ ಮೊಸರು, ಟ್ಯಾನಿನ್ ಹೋಗಿ ಹಾಲಿನ ಪ್ರೋಟೀನ್‌ಗೆ ಅಂಟ್ಕೊಳುತ್ತೆ, ನಿಮ್ಮ ಜೊಲ್ಲು ಬಚಾವ್. ಇಲ್ಲಾಂದ್ರೆ ಚಿಟಿಕೆ ಉಪ್ಪು, ನೇರಳೆಹಣ್ಣಿಗೆ ಉಪ್ಪು ಹಾಕಿ ಕುಲುಕ್ತಿದ್ವಲ್ಲ ಅದೇ ಐಡಿಯಾ, ಉಪ್ಪು ಕಹಿಯನ್ನ ಅದುಮುತ್ತೆ.

ನಾನೊಂದ್ಸಲ ಸ್ನೇಹಿತರ ಮನೇಲಿ ಫ್ರೀಜರ್‌ನಲ್ಲಿದ್ದ ಲಿಂಗಾನ್ ತಗೊಂಡು ಕವಳಿಕಾಯಿ ಗೊಜ್ಜಿನ ಥರ ಮಾಡಿದ್ದೆ. ಎಣ್ಣೆಗೆ ಸಾಸಿವೆ, ಇಂಗು, ಒಣಮೆಣಸು, ಆಮೇಲೆ ಎರಡು ಹಿಡಿ ಹಣ್ಣು, ಪಟ್ ಪಟ್ ಅಂತ ಒಡೆಯೋಕೆ ಶುರುವಾದಾಗ ಉಪ್ಪು ಮತ್ತೆ ಒಂದು ನಿಂಬೆಗಾತ್ರ ಬೆಲ್ಲ. ಐದೇ ನಿಮಿಷಕ್ಕೆ ಕೆಂಪಗೆ ಗಟ್ಟಿಯಾಯ್ತು. ದೋಸೆಗೆ ಬಡಿಸಿದೆ, ಆರು ವರ್ಷದ ಹುಡುಗ ಮೂರು ದೋಸೆ ತಿಂದ. ಇದು ಕ್ಲಿನಿಕಲ್ ಟ್ರಯಲ್ ಅಲ್ಲ, ಒಬ್ಬನೇ ಹುಡುಗ, ಅದೂ ಹಸಿದಿದ್ದ. ಅಂದಹಾಗೆ ಲಿಂಗಾನಲ್ಲಿ ಬೆನ್ಜೋಯಿಕ್ ಆಸಿಡ್ ತಾನಾಗೇ ಇರುತ್ತೆ, ನಾವು ಸಾಸ್ ಬಾಟ್ಲಿಗೆ ಪ್ರಿಸರ್ವೇಟಿವ್ ಅಂತ ಹಾಕೋದರ ಜಾತಿದೇ. ಅದಕ್ಕೇ ಸ್ವೀಡನ್‌ನ ಹಳಬರು ಸಕ್ಕರೆ ಇಲ್ದೆ ಬರೀ ನೀರಲ್ಲಿ ಮುಳುಗಿಸಿಟ್ಟು ಚಳಿಗಾಲ ಕಳೀತಿದ್ರು.

ಮೈಸೂರಿಂದ ಒಬ್ಬರು: ಪದೇ ಪದೇ ಉರಿಮೂತ್ರ, ವರ್ಷಕ್ಕೆ ನಾಲ್ಕು ಸಲ ಆಂಟಿಬಯಾಟಿಕ್. ಲಿಂಗಾನ್ ಜ್ಯೂಸ್ ಕುಡಿದ್ರೆ ಬರಲ್ಲ ಅಂತ ಸ್ವೀಡನ್‌ನಲ್ಲಿರೋ ತಂಗಿ ಹೇಳ್ತಾಳೆ, ನಿಜಾನಾ?

ಉತ್ತರ ಯುರೋಪಿನ ಬೆರ್ರಿ ಸಂಶೋಧನೇಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಫಿನ್ಲೆಂಡ್‌ನ ಔಲುವಿನಲ್ಲಿ ಮಾಡಿದ್ದು, 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೂರಿನ್ ಇನ್ಫೆಕ್ಷನ್ ಆಗಿದ್ದ 150 ಹೆಂಗಸರನ್ನ ಮೂರು ಗುಂಪು ಮಾಡಿ, ಒಂದಕ್ಕೆ ದಿನಾ 50 ಎಂಎಲ್ ಕ್ರ್ಯಾನ್‌ಬೆರ್ರಿ-ಲಿಂಗಾನ್ ಪಾನೀಯ, ಸಕ್ಕರೆ ಹಾಕದ್ದು, ಇನ್ನೊಂದಕ್ಕೆ ಲ್ಯಾಕ್ಟೋಬ್ಯಾಸಿಲಸ್ (ಮೊಸರಲ್ಲಿರೋ ಥರದ ಒಳ್ಳೆ ಬ್ಯಾಕ್ಟೀರಿಯಾ) ಡ್ರಿಂಕ್, ಮೂರನೇದಕ್ಕೆ ಏನೂ ಇಲ್ಲ. ಆರು ತಿಂಗಳಾದ್ಮೇಲೆ ಮತ್ತೆ ಇನ್ಫೆಕ್ಷನ್ ಬಂದಿದ್ದು ಜ್ಯೂಸ್ ಗುಂಪಲ್ಲಿ 16%, ಏನೂ ಕೊಡದ ಗುಂಪಲ್ಲಿ 36%, ಲ್ಯಾಕ್ಟೋಬ್ಯಾಸಿಲಸ್ ಗುಂಪಲ್ಲಿ 39%. ಬ್ಯಾಕ್ಟೀರಿಯಾ ಮೂತ್ರನಾಳದ ಗೋಡೆಗೆ ಅಂಟ್ಕೊಳ್ಳೋಕೆ ಆ ಟ್ಯಾನಿನ್ ಬಿಡಲ್ಲ ಅನ್ನೋದು ವಿವರಣೆ, ನೋಡಿ ಮತ್ತೆ ಅದೇ ಒಗರು.

ಆದ್ರೆ ಆ ಪಾನೀಯದಲ್ಲಿ ಕ್ರ್ಯಾನ್‌ಬೆರ್ರಿನೇ ಜಾಸ್ತಿ, ಲಿಂಗಾನ್ ಸ್ವಲ್ಪ, ತಂಗಿಗೆ ಇದನ್ನ ಹೇಳಿ. ಕ್ರ್ಯಾನ್‌ಬೆರ್ರಿ ಬಗ್ಗೆ ಆಧಾರ ಗಟ್ಟಿಯಾಗಿದೆ, ಹಲವು ಪ್ರಯೋಗ ಒಟ್ಟುಹಾಕಿ ನೋಡಿದ 2023ರ ಕಾಕ್ರೇನ್ ವಿಮರ್ಶೇಲಿ ಪದೇ ಪದೇ ಇನ್ಫೆಕ್ಷನ್ ಬರೋ ಹೆಂಗಸರಲ್ಲಿ ಅಪಾಯ ಸುಮಾರು ಕಾಲು ಭಾಗ ಕಮ್ಮಿಯಾಗುತ್ತೆ ಅಂತ ಬಂದಿದೆ. ಇದು ಮತ್ತೆ ಬರದ ಹಾಗೆ ತಡೆಯೋಕೆ ಮಾತ್ರ, ಈಗಾಗ್ಲೇ ಜ್ವರ, ಬೆನ್ನು ನೋವು ಇದ್ರೆ ಜ್ಯೂಸ್ ಹಿಡ್ಕೊಂಡು ಕೂರ್ಬೇಡಿ, ಡಾಕ್ಟರ್ ಹತ್ರ ಹೋಗಿ. ಮನೇಲಿ ಯಾರಾದ್ರೂ ರಕ್ತ ಹೆಪ್ಪುಗಟ್ಟದಂತೆ ತಡೆಯೋ ವಾರ್ಫರಿನ್ ಮಾತ್ರೆ ತಗೊಳ್ತಿದ್ರೆ ಡಾಕ್ಟರನ್ನ ಕೇಳದೆ ದಿನಾ ಕ್ರ್ಯಾನ್‌ಬೆರ್ರಿ ಜ್ಯೂಸ್ ಬೇಡ.

ಬೆಂಗಳೂರಿಂದ, ಕ್ಯಾಬ್ ಓಡಿಸೋರು: ರಾತ್ರಿ ಡ್ರೈವಿಂಗ್‌ಗೆ ಕಣ್ಣು ಮಂಜು ಸಾರ್. ಬಿಲ್‌ಬೆರ್ರಿ ಕ್ಯಾಪ್ಸೂಲ್ 1,200 ರೂಪಾಯಿ, ತಗೊಳ್ಳಲಾ?

ಬೇಡ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಬಿಲ್‌ಬೆರ್ರಿ ಜ್ಯಾಮ್ ತಿಂದು ಕತ್ತಲಲ್ಲಿ ಚೆನ್ನಾಗಿ ನೋಡ್ತಿದ್ರು ಅನ್ನೋ ಕಥೆ ಮೇಲೆ ಈ ವ್ಯಾಪಾರ ನಡೀತಿರೋದು. 2000ದಲ್ಲಿ ಅಮೆರಿಕದಲ್ಲಿ 15 ಗಂಡಸರಿಗೆ ಮೂರು ವಾರ ದಿನಕ್ಕೆ ಮೂರು ಸಲ ಬಿಲ್‌ಬೆರ್ರಿ ಸಾರ ಕೊಟ್ಟು ರಾತ್ರಿ ದೃಷ್ಟಿ ಅಳೆದ್ರು, ಖಾಲಿ ಮಾತ್ರೆಗೂ ಇದಕ್ಕೂ ಏನೂ ವ್ಯತ್ಯಾಸ ಇರಲಿಲ್ಲ. 2004ರಲ್ಲಿ ಇಂಥ ಪ್ರಯೋಗ ಎಲ್ಲಾ ಒಟ್ಟುಹಾಕಿ ನೋಡಿದಾಗ್ಲೂ ಅಷ್ಟೇ, ಬಿಗಿಯಾಗಿ ಮಾಡಿದ ಪ್ರಯೋಗಗಳಲ್ಲಿ ಲಾಭ ಕಾಣಲಿಲ್ಲ. ಅದಲ್ದೆ ಬೇರೆ ಬಣ್ಣ ಬೆರೆಸಿ ಬಿಲ್‌ಬೆರ್ರಿ ಸಾರ ಅಂತ ಮಾರಿ ಸಿಕ್ಕಿಬಿದ್ದಿರೋದೂ ಉಂಟು. ಆ 1,200ರಲ್ಲಿ ಕಣ್ಣಿನ ಡಾಕ್ಟರಿಗೆ ತೋರಿಸಿ, ಪೊರೆ ಶುರುವಾಗಿರಬಹುದು, ಕನ್ನಡಕದ ನಂಬರ್ ಬದಲಾಗಿರಬಹುದು.

ಲೇಹ್‌ನಲ್ಲಿ ಪೋಸ್ಟಿಂಗ್ ಇರೋ ಧಾರವಾಡದವರು: ಇಲ್ಲಿ ಲೇಹ್ ಬೆರ್ರಿ ಜ್ಯೂಸ್ ಸಿಗತದ್ರಿ, ಫಿನ್ಲೆಂಡ್‌ನಾಗೂ ಇದಾ ಹಣ್ಣು ಅಂತಾರ. ನೆಗಡಿಗೆ ಚಲೋನಾ?

ಹೌದ್ರಿ, ಎರಡೂ ಸೀಬಕ್‌ಥಾರ್ನೇ, ಮುಳ್ಳುಕಂಟಿ ತುಂಬ ಕಿತ್ತಳೆ ಬಣ್ಣದ ಮಣಿ, ಫಿನ್ಲೆಂಡ್‌ನೋರು ತ್ಯುರ್ನಿ ಅಂತಾರೆ. ವಿಟಮಿನ್ ಸಿ ಕಿತ್ತಳೆಗಿಂತ ಎಷ್ಟೋ ಜಾಸ್ತಿ, ಹುಳಿ ಅಂತೂ ಹಲ್ಲು ಜುಂ ಅನ್ನೋವಷ್ಟು. ನೆಗಡಿ ವಿಷಯಕ್ಕೆ ಬಂದ್ರೆ ಫಿನ್ಲೆಂಡ್‌ನಲ್ಲೇ 254 ಜನರ ಮೇಲೆ 90 ದಿನ ಪ್ರಯೋಗ ಆಯ್ತು, ದಿನಕ್ಕೆ 28 ಗ್ರಾಂ ರುಬ್ಬಿದ ಹಣ್ಣು, 2008ರಲ್ಲಿ ಫಲಿತಾಂಶ ಬಂತು. ನೆಗಡಿ ಬರೋದೂ ಕಮ್ಮಿ ಆಗಲಿಲ್ಲ, ಬಂದದ್ದು ಬೇಗ ಹೋಗಲೂ ಇಲ್ಲ. ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಒಂಚೂರು ಇಳೀತು, ಅದೂ ಅತಿ ಸಣ್ಣ ಇಳಿಕೆ. ಅದೇ ಹಣ್ಣಿನ ಎಣ್ಣೆ ಕಣ್ಣು ಒಣಗೋದಕ್ಕೆ ಸ್ವಲ್ಪ ಸಹಾಯ ಮಾಡಿದ್ದು 2010ರ ಇನ್ನೊಂದು ಪ್ರಯೋಗದಲ್ಲಿ ಕಂಡಿದೆ, ಆದ್ರೆ ಅದು ಎಣ್ಣೆ, ನೀವು ಕುಡಿಯೋ ಜ್ಯೂಸ್ ಅಲ್ಲ. ರುಚಿಗೆ ಅಂತ ಕುಡೀರಿ, ಬಾಟ್ಲಿ ಹಿಂದೆ ಸಕ್ಕರೆ ಎಷ್ಟು ಅಂತ ಮಾತ್ರ ಒಮ್ಮೆ ಓದಿ ನೋಡ್ರಿ.