ಸ್ಕೂಲಿನ ದುಡ್ಡಿನಲ್ಲಿ ವಿದ್ಯಾರ್ಥಿನಿಯರ ಕೂಸುಗಳಿಗೆ ಡೇಕೇರ್ ಯಾಕೆ?

ಅಮೆರಿಕದಲ್ಲಿ ನೀವಿರುವ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ, ಓದುವ ವಯಸ್ಸಿನಲ್ಲೇ ತಾಯಿಯಾದ ಹುಡುಗಿಯರ ಮಕ್ಕಳಿಗೆ ಡೇಕೇರ್ ಶುರು ಮಾಡುವ ಮಾತು, ಊರಿನ ಸರ್ಕಾರಿ ಸ್ಕೂಲುಗಳನ್ನು ನೋಡಿಕೊಳ್ಳುವ ಸ್ಕೂಲ್ ಬೋರ್ಡಿನ ಮುಂದೆ ಬಂದಿದೆ. "ನಾವು ಕಟ್ಟುವ ಪ್ರಾಪರ್ಟಿ ಟ್ಯಾಕ್ಸ್ ಪಾಠಕ್ಕೆ ಅಲ್ವಾ? ಇದು ತಪ್ಪಿಗೆ ಕುಮ್ಮಕ್ಕು ಕೊಟ್ಟ ಹಾಗೆ ಆಗಲ್ವಾ?" ಅಂತ ಕೇಳಿದ್ದೀರಿ. ನಾನು ನ್ಯೂಯಾರ್ಕಿನಲ್ಲಿ ಒಂದು ಹೈಸ್ಕೂಲಿನ ಒಳಗೇ ಇರುವ ಇಂಥ ಕೋಣೆಯಲ್ಲಿ ನಾಲ್ಕು ವರ್ಷ ಸಹಾಯಕಿಯಾಗಿದ್ದೆ. ನಾನು ನೋಡಿದ ಮಟ್ಟಿಗೆ ಆ ದುಡ್ಡು ಪಾಠಕ್ಕೇ ಹೋಗುತ್ತದೆ.

ಮೊದಲ ಬೆಲ್ಲಿಗೆ ಇಪ್ಪತ್ತು ನಿಮಿಷ ಇರುವಾಗ ಹುಡುಗಿಯರು ಬರಲು ಶುರುವಾಗುತ್ತಿತ್ತು. ಬೆನ್ನಿಗೆ ಪುಸ್ತಕದ ಬ್ಯಾಗ್, ಎದೆಗೆ ಕಟ್ಟಿಕೊಂಡ ಕೂಸು, ಕೈಯಲ್ಲಿ ಡೈಪರ್ ಚೀಲ. "ರಾತ್ರಿ ಮೈ ಬೆಚ್ಚಗಿತ್ತು, ಐದೂವರೆಗೆ ಹಾಲು ಕುಡಿದಿದೆ" ಅಂತ ಹೇಳಿ, ರಿಜಿಸ್ಟರಿನಲ್ಲಿ ಸಹಿ ಹಾಕಿ ಕ್ಲಾಸಿಗೆ ಓಡುತ್ತಿದ್ದರು. ಊಟದ ಬಿಡುವಿನಲ್ಲಿ ಬಂದು ಹಾಲು ಕುಡಿಸಿ ಹೋಗುತ್ತಿದ್ದರು. ಒಂದು ಚಳಿಗಾಲದಲ್ಲಿ ನೀರಿನ ಪೈಪ್ ಒಡೆದು ನಮ್ಮ ಕೋಣೆಯನ್ನು ಎರಡು ದಿನ ಮುಚ್ಚಬೇಕಾಯಿತು. ಆ ಎರಡು ದಿನ ಒಂಬತ್ತು ತಾಯಂದಿರಲ್ಲಿ ಕ್ಲಾಸಿಗೆ ಬಂದವರು ಇಬ್ಬರೇ. ಉಳಿದ ಏಳು ಜನ ಸೋಮಾರಿಗಳಲ್ಲ. ಮಗುವನ್ನು ಯಾರ ಕೈಗೆ ಕೊಟ್ಟು ಬರಬೇಕು, ಹೇಳಿ?

ಸ್ಕೂಲ್ ಬಸ್ಸಿನ ಲೆಕ್ಕ ನೋಡಿ. ಬಸ್ಸು ಪಾಠ ಮಾಡುವುದಿಲ್ಲ. ಆದರೂ ಅದಕ್ಕೆ ಸ್ಕೂಲಿನ ದುಡ್ಡು ಕೊಡುತ್ತೇವೆ, ಯಾಕೆಂದರೆ ಅದಿಲ್ಲದೆ ದೂರದ ಮಕ್ಕಳು ಕ್ಲಾಸಿಗೆ ತಲುಪುವುದೇ ಇಲ್ಲ. ಕೂಸಿನ ಕೋಣೆಯೂ ಹಾಗೇ.

ಕಾನೂನು ಏನು ಹೇಳುತ್ತದೆ ಅಂದರೆ, ಶಿಕ್ಷಣದಲ್ಲಿ ಹೆಣ್ಣು-ಗಂಡು ಅಂತ ಭೇದ ಮಾಡಬಾರದು ಅನ್ನುವ 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಬಸುರಿ ಅಂತಲೋ ತಾಯಿ ಅಂತಲೋ ಯಾವ ಹುಡುಗಿಯನ್ನೂ ಸ್ಕೂಲಿನಿಂದ ಹೊರಗೆ ಹಾಕುವಂತಿಲ್ಲ. ಒಳ್ಳೆಯ ಕಾನೂನು. ಆದರೆ ಡೇಕೇರ್ ಕೊಡಲೇಬೇಕು ಅಂತ ಅದು ಹೇಳುವುದಿಲ್ಲ. ಸ್ಕೂಲಿನ ಬಾಗಿಲು ತೆರೆದಿದೆ, ಕೂಸನ್ನು ಬಿಡಲು ಜಾಗ ಇಲ್ಲ. ಇದರ ಫಲ ಅಂಕಿಗಳಲ್ಲೇ ಇದೆ. ಹದಿಹರೆಯದಲ್ಲಿ ತಾಯಿಯಾದವರಲ್ಲಿ 22 ವರ್ಷದೊಳಗೆ ಹೈಸ್ಕೂಲ್ ಡಿಪ್ಲೊಮಾ ಪಡೆಯುವವರು ಸುಮಾರು ಅರ್ಧದಷ್ಟು. ಬೇರೆ ಹುಡುಗಿಯರಲ್ಲಿ ಇದು 100ಕ್ಕೆ ಸುಮಾರು 90.

ಎಲ್ಲ ಕಡೆ ಒಂದೇ ರೀತಿ ಇಲ್ಲ. ನ್ಯೂಯಾರ್ಕ್ ನಗರದಲ್ಲಿ ಶಿಕ್ಷಣ ಇಲಾಖೆಯೇ ಲೈಫ್ (LYFE) ಎಂಬ ಹೆಸರಿನಲ್ಲಿ ಇದನ್ನು ನಡೆಸುತ್ತದೆ. 6 ವಾರದ ಕೂಸನ್ನೂ ಸೇರಿಸಿಕೊಳ್ಳುತ್ತಾರೆ, ಫೀಸ್ ಇಲ್ಲ. ತಾಯಿಯೋ ತಂದೆಯೋ ಓದುತ್ತಿರಬೇಕು ಅಷ್ಟೇ. ಫ್ಲಾರಿಡಾದಲ್ಲಂತೂ ಓದುವ ತಾಯಿ-ತಂದೆಯರಿಗಾಗಿ ಪ್ರತಿ ಸ್ಕೂಲ್ ಡಿಸ್ಟ್ರಿಕ್ಟೂ (ಒಂದು ಪ್ರದೇಶದ ಸರ್ಕಾರಿ ಸ್ಕೂಲುಗಳ ಆಡಳಿತ) ಇಂಥ ಕಾರ್ಯಕ್ರಮ ಇಟ್ಟಿರಬೇಕು ಅಂತ ಕಾನೂನೇ ಇದೆ.

ಖರ್ಚು ಜಾಸ್ತಿ ಅನ್ನುವುದು ನಿಜ. ಎಳೆ ಕೂಸುಗಳಿಗೆ ಮೂರು-ನಾಲ್ಕು ಮಕ್ಕಳಿಗೆ ಒಬ್ಬರಂತೆ ಜನ ಬೇಕು. ಹೊರಗಿನ ಡೇಕೇರುಗಳೂ ಇದೇ ಕಾರಣಕ್ಕೆ ದುಬಾರಿ. ಎಷ್ಟೋ ರಾಜ್ಯಗಳಲ್ಲಿ ಒಂದು ಕೂಸಿನ ವರ್ಷದ ಡೇಕೇರ್ ಖರ್ಚು ಸರ್ಕಾರಿ ಕಾಲೇಜಿನ ಫೀಸಿಗಿಂತ ಮೇಲೆ. ಹದಿನೇಳರ ಹುಡುಗಿ ಅದನ್ನು ಎಲ್ಲಿಂದ ತರಬೇಕು?

ಇನ್ನು ಕುಮ್ಮಕ್ಕಿನ ಮಾತು. 1991ರಲ್ಲಿ ಅಮೆರಿಕದಲ್ಲಿ 15ರಿಂದ 19 ವರ್ಷದ ಸಾವಿರ ಹುಡುಗಿಯರಿಗೆ ಸುಮಾರು 62 ಹೆರಿಗೆ ಆಗುತ್ತಿದ್ದವು. 2023ರ ಹೊತ್ತಿಗೆ ಅದು ಸುಮಾರು 13ಕ್ಕೆ ಇಳಿದಿದೆ. ಡೇಕೇರಿನಿಂದ ಇಳಿಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಈ ಕೋಣೆಗಳು ಇದ್ದ ವರ್ಷಗಳಲ್ಲೇ ಇಳಿಯುತ್ತಾ ಬಂತು, ನೀವು ಹೆದರುವ ಹಾಗೆ ಏರಲಿಲ್ಲ. ರಾತ್ರಿಯಿಡೀ ಅಳುವ ಕೂಸನ್ನು ಎತ್ತಿಕೊಂಡು ಕೂತು ಬೆಳಗ್ಗೆ ಪರೀಕ್ಷೆ ಬರೆಯಲು ಬರುವ ಹುಡುಗಿಯನ್ನು ನೋಡಿ ಆಸೆಪಡುವವರು ಯಾರೂ ಇರುವುದಿಲ್ಲ.

"ನಮ್ಮ ಕಡೆ ಇದೆಲ್ಲ ಇಲ್ಲ" ಅಂತಲೂ ಬರೆದಿದ್ದೀರಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಐವರಿಗೆ ಒಬ್ಬರಿಗಿಂತ ಜಾಸ್ತಿ ಜನಕ್ಕೆ 18 ತುಂಬುವ ಮುಂಚೆಯೇ ಮದುವೆಯಾಗಿತ್ತು. ಕೊಪ್ಪಳದ ಹತ್ತಿರ ನನ್ನ ಜೊತೆ ಓದಿದ ಗೆಳತಿಯೂ ಅಂಥವಳೇ. ಅವಳು ಎಸ್ಸೆಸ್ಸೆಲ್ಸಿ ಬರೆಯುವಾಗ ಅವಳ ಅವ್ವ ಮೂರು ತಿಂಗಳ ಕೂಸನ್ನು ಹಿಡಿದು ಪರೀಕ್ಷಾ ಕೇಂದ್ರದ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದರು. ಪರೀಕ್ಷೆ ಮುಗಿಸಿದಳು. ಪಿಯುಸಿಗೆ ಬರಲೇ ಇಲ್ಲ, ಅವ್ವ ದಿನಾ ಕೂಲಿ ಬಿಟ್ಟು ಕೂರಲು ಆಗುತ್ತಾ? ಈಚಿನ ವರ್ಷಗಳಲ್ಲಿ ನರೇಗಾ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರಿಗಾಗಿ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅನ್ನುವ ಡೇಕೇರ್ ಬಂತು. ಅದು ಓದುವ ತಾಯಿಗೂ ಸಿಗಬೇಕು ಅನ್ನುವುದು ನನ್ನ ಆಸೆ.

ಮತ್ತೆ ನಿಮ್ಮ ಬೋರ್ಡಿನ ವಿಷಯ. ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದ್ದು ದುಡ್ಡು ಕೊಡಬೇಕೋ ಬೇಡವೋ ಅನ್ನುವುದಕ್ಕಿಂತ ಅದು ಈ ಕೆಲಸಕ್ಕೇ ಉಳಿಯುತ್ತಾ ಅನ್ನುವುದು. ಕ್ಯಾಲಿಫೋರ್ನಿಯಾದಲ್ಲಿ 1998ರ ಕಾನೂನಿನಿಂದ ಕ್ಯಾಲ್-ಸೇಫ್ ಅಂತ ಓದುವ ತಾಯಂದಿರಿಗಾಗಿ ಇಂಥದೇ ಒಂದು ಕಾರ್ಯಕ್ರಮ ಬಂತು, ಅದಕ್ಕೇ ಮೀಸಲಾದ ಹಣವೂ ಇತ್ತು. 2009ರಲ್ಲಿ ಬಜೆಟ್ ಬಿಕ್ಕಟ್ಟು ಬಂದಾಗ "ಈ ಹಣವನ್ನು ಡಿಸ್ಟ್ರಿಕ್ಟುಗಳು ಬೇಕಾದ್ದಕ್ಕೆ ಬಳಸಬಹುದು" ಅಂತ ರಾಜ್ಯ ಹೇಳಿತು. ಎಷ್ಟೋ ಕಡೆ ಕೋಣೆಗಳು ಮುಚ್ಚಿದವು. 2013ರಲ್ಲಿ ಆ ಮೀಸಲು ಹಣ ಒಟ್ಟು ಲೆಕ್ಕದಲ್ಲೇ ಸೇರಿಹೋಯಿತು. ಓದುವ ತಾಯಂದಿರು ಒಂದೊಂದು ಸ್ಕೂಲಿಗೆ ಹತ್ತೋ ಹದಿನೈದೋ ಜನ. ಅವರ ಪರವಾಗಿ ಮೀಟಿಂಗಿನಲ್ಲಿ ಮಾತಾಡುವವರು ಯಾರೂ ಇರುವುದಿಲ್ಲ, ಅದಕ್ಕೇ ಮೊದಲ ಕತ್ತರಿ ಅಲ್ಲಿಗೆ ಬೀಳುತ್ತದೆ.

ಹಾಗಾಗಿ ದಯವಿಟ್ಟು ಮೀಟಿಂಗಿಗೆ ಹೋಗಿ. ಬಜೆಟ್ಟಿನಲ್ಲಿ ಇದಕ್ಕೆ ಬೇರೆಯೇ ಸಾಲು ಇದೆಯಾ ಅಂತ ಕೇಳಿ. ಮೊದಲ ಬೆಲ್ಲಿಗೆ ಮುಂಚೆ ಕೋಣೆ ತೆರೆಯುತ್ತಾ, ಕೂಸಿನ ಜೊತೆ ಸ್ಕೂಲ್ ಬಸ್ ಹತ್ತಲು ಬಿಡುತ್ತಾರಾ, ಅದನ್ನೂ ಕೇಳಿ. ನಮ್ಮಲ್ಲಿ ಜಾಗ ಖಾಲಿ ಇದ್ದೂ ಸೇರಲಾಗದ ಹುಡುಗಿಯರಿದ್ದರು. ಜನವರಿಯ ಚಳಿಯಲ್ಲಿ ಎಂಟು ವಾರದ ಕೂಸನ್ನು ಎತ್ತಿಕೊಂಡು ಎರಡು ಬಸ್ ಬದಲಿಸಿ ಬರಲು ಅವರಿಗೆ ಆಗಲಿಲ್ಲ.