ಪ್ರತಿಕ್ರಿಯೆ: ಭತ್ತದ ಗದ್ದೆಯಲ್ಲಿ ಮರಿ ಹೊತ್ತ ಜೇಡ
ಸುರಪುರದ ಗದ್ದೆಯಲ್ಲಿ ಬೆನ್ನ ತುಂಬ ಮರಿಗಳನ್ನು ಹೊತ್ತು ನೀರಿನ ಮೇಲೆ ಓಡಿದ ಜೇಡ ಯಾವುದು, ಔಷಧಿ ಹೊಡೆಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಡೆಯಬೇಡಿ! ಅದು ತೋಳ ಜೇಡ. ತಲೆಯ ಹಿಂದೆ ಕವಲುಕೋಲಿನಂಥ ಮಸುಕು ಗುರುತಿದ್ದರೆ ಬಹುತೇಕ ಪಾರ್ಡೋಸಾ ಸ್ಯೂಡೋಆನ್ಯುಲೇಟಾ ಎಂಬ ಪ್ರಭೇದ. ಇದು ಬಲೆ ಹೆಣೆದು ಕಾಯುವ ಜಾತಿಯಲ್ಲ, ಬೆನ್ನಟ್ಟಿ ಹಿಡಿಯುತ್ತದೆ. ಭತ್ತದ ಬುಡದಲ್ಲೇ ವಾಸ. ಭತ್ತದ ರಸ ಹೀರುವ ಜಿಗಿಹುಳುಗಳನ್ನು ದಿನಕ್ಕೆ 5ರಿಂದ 15ರಷ್ಟು ತಿನ್ನಬಲ್ಲದು. ಇಷ್ಟು ಅಗ್ಗದ ಆಳು ನಿಮಗೆ ಬೇರೆಲ್ಲಿ ಸಿಗುತ್ತದೆ?

ತಾಯಿ ಮೊಟ್ಟೆಚೀಲವನ್ನು ಹೊಟ್ಟೆಯ ತುದಿಗೆ ಅಂಟಿಸಿಕೊಂಡೇ ಓಡಾಡುತ್ತದೆ. ಒಡೆದು ಬಂದ ಮರಿಗಳು ಬೆನ್ನೇರುತ್ತವೆ, ನೀವು ಕಂಡದ್ದು ಅದನ್ನೇ. ರಾತ್ರಿ ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ಬದುವಿನತ್ತ ಬೆಳಕು ಬಿಡಿ, ಕಣ್ಣುಗಳು ಮಿನುಗುತ್ತವೆ. ಮೊದಲ ಸಲ ನಾನು ಇಬ್ಬನಿಯೆಂದೇ ತಿಳಿದಿದ್ದೆ. ಬರಿಗೈಯಲ್ಲಿ ಮಾತ್ರ ಹಿಡಿಯಬೇಡಿ, ಹೆದರಿದರೆ ಕಚ್ಚಬಹುದು.