ತಲೆಗೆ ಮಂಕು ಕವಿದ ದಿನಗಳಲ್ಲಿ ಕೆಲಸ ಸಾಗಿಸೋದು ಹೇಗೆ?

ನೀವು ಕೇಳಿರೋದು ಎರಡು ಪ್ರಶ್ನೆ. ತಿಂಗಳುಗಳಿಂದ ತಲೆ ಮಂಕಾಗಿದೆ, ಓದಿದ ಸಾಲನ್ನೇ ಮತ್ತೆ ಓದಬೇಕಾಗುತ್ತೆ, ಮಾತಿನ ಮಧ್ಯೆ ಪದ ಸಿಗಲ್ಲ, ಇದು ಮರೆವಿನ ಕಾಯಿಲೆಯ ಶುರುವಾ ಅನ್ನೋದು ಒಂದು. ಕೆಲಸ ಬಿಟ್ಟು ಕೂರೋ ಸ್ಥಿತಿ ಇಲ್ಲ, ಹಾಗಾದ್ರೆ ದಿನ ದೂಡೋದು ಹೇಗೆ ಅನ್ನೋದು ಇನ್ನೊಂದು. ಎರಡನೆಯದಕ್ಕೆ ನನ್ನ ಅನುಭವದಿಂದಲೇ ಉತ್ತರ ಕೊಡ್ತೀನಿ. ಮೊದಲನೆಯದಕ್ಕೆ ಉತ್ತರ ಸಿಗಬೇಕಾದದ್ದು ಡಾಕ್ಟರ ಹತ್ತಿರ, ಆದರೆ ಅಲ್ಲಿ ಏನು ಕೇಳಬೇಕು ಅಂತ ಹೇಳಬಲ್ಲೆ.

ಹೀಗೆ ತಲೆ ಮಂಕಾಗೋದಕ್ಕೆ ಇಂಗ್ಲಿಷಿನಲ್ಲಿ ಬ್ರೈನ್ ಫಾಗ್ ಅಂತಾರೆ. ಅದು ಕಾಯಿಲೆಯ ಹೆಸರಲ್ಲ, ಲಕ್ಷಣ. ಹಿಂದೆ ಬೇರೇನೋ ಇರುತ್ತೆ. ನನ್ನ ವಿಷಯದಲ್ಲಿ ಅದು ಥೈರಾಯ್ಡ್ ಕೊರತೆ. ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಸಕ್ಕರೆ, ಇಷ್ಟನ್ನು ನೋಡಿಸಬಹುದಾ ಅಂತ ಕೇಳಿ. ಥೈರಾಯ್ಡ್ ಮತ್ತು ಬಿ12 ಕೊರತೆಯನ್ನು ಮರೆವಿನ ತಪಾಸಣೆಯ ಆರಂಭದಲ್ಲೇ ನೋಡೋದು ಯಾಕೆಂದರೆ ಅವಕ್ಕೆ ಚಿಕಿತ್ಸೆ ಇದೆ. ಜೋರಾಗಿ ಗೊರಕೆ ಹೊಡೆದು, ಬೆಳಿಗ್ಗೆ ಬಾಯಿ ಒಣಗಿ ತಲೆನೋವಿನಲ್ಲೇ ಏಳ್ತೀರಾದರೆ ಅದನ್ನೂ ಹೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇರಬಹುದು. ಖಿನ್ನತೆ, ಮುಟ್ಟು ನಿಲ್ಲುವ ಮುಂಚಿನ ವರ್ಷಗಳು, ಕೋವಿಡ್ ನಂತರದ ತೊಂದರೆ, ಇವೆಲ್ಲದರಲ್ಲೂ ತಲೆ ಮಂಕಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಕೋವಿಡ್ ನಂತರದ ಸ್ಥಿತಿಯನ್ನು ವಿವರಿಸುವಾಗ ಸುಸ್ತು, ಉಸಿರಾಟದ ಕಷ್ಟದ ಜೊತೆ ಇದನ್ನೂ ಸೇರಿಸಿದೆ.

ತಗೊಳ್ಳೋ ಮಾತ್ರೆಯೂ ಕಾರಣ ಇರಬಹುದು ಅನ್ನೋದನ್ನು ಬಹಳ ಜನ ಮರೀತಾರೆ. ಶೀತ, ಅಲರ್ಜಿಗೆ ತಗೊಳ್ಳೋ ಹಳೆಯ ಬಗೆಯ ಮಾತ್ರೆಗಳು, ನಿದ್ದೆ ಮಾತ್ರೆಗಳು ತಲೆಯನ್ನು ಮಂಪರಾಗಿಸುತ್ತವೆ. ಮಧುಮೇಹದ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ಬಿ12 ಇಳಿಯಬಹುದು. ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ, ಪಟ್ಟಿ ಬರೆದು ತೋರಿಸಿ. ಪಟ್ಟಿ ಕಾಗದದಲ್ಲೇ ಇರಲಿ, ಡಾಕ್ಟರ ಎದುರು ಕೂತಾಗ ಅರ್ಧ ಮರೆತೇ ಹೋಗುತ್ತೆ. ಯಾವಾಗ ಶುರುವಾಯಿತು, ಅದಕ್ಕೆ ಮುಂಚೆ ಜ್ವರ, ಪೆಟ್ಟು, ಹೊಸ ಔಷಧಿ ಏನಾದರೂ ಇತ್ತಾ ಅನ್ನೋದನ್ನೂ ಬರೆದುಕೊಳ್ಳಿ. ಆದರೆ ಗೊಂದಲ ಏಕಾಏಕಿ ಬಂದರೆ, ಮಾತು ತೊದಲಿದರೆ, ಮುಖದ ಒಂದು ಕಡೆ ಜೋತುಬಿದ್ದರೆ, ಕೈಕಾಲು ಒಂದು ಬದಿಯಲ್ಲಿ ಸೋತರೆ ಕಾಯಲೇಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಪಾರ್ಶ್ವವಾಯುವಿನ ಲಕ್ಷಣ.

ಕಾರಣ ಸಿಕ್ಕಿದ ತಕ್ಷಣ ತಲೆ ತಿಳಿಯಾಗಲ್ಲ. ಥೈರಾಯ್ಡ್ ಮಾತ್ರೆ ಶುರು ಮಾಡಿದರೆ ಮತ್ತೆ ರಕ್ತ ಪರೀಕ್ಷೆ ಮಾಡೋದೇ 6ರಿಂದ 8 ವಾರದ ನಂತರ, ಡೋಸ್ ಸರಿಹೋಗೋಕೆ ಇನ್ನಷ್ಟು ಸಮಯ. ಆ ಮಧ್ಯದ ಕಾಲದಲ್ಲಿ ನನ್ನನ್ನು ಉಳಿಸಿದ್ದು ಒಂದೇ ಅಭ್ಯಾಸ: ಕೆಲಸವನ್ನು ನಡುವೆ ಬಿಟ್ಟು ಏಳುವ ಮುಂಚೆ, ಮುಂದಿನ ಹೆಜ್ಜೆಯನ್ನು ಅಲ್ಲೇ ಬರೆದಿಡೋದು.

"ಡೈರಿ ಬರೀರಿ" ಅಂತ ಎಲ್ಲರೂ ಹೇಳ್ತಾರೆ. ಡೈರಿ ತೆಗೆಯೋದೇ ನೆನಪಾಗದವರಿಗೆ ಅದರಿಂದ ಏನು ಪ್ರಯೋಜನ? ಮಂಕು ಕವಿದವರು ಹೆಚ್ಚು ಎಡವೋದು ಕೆಲಸದೊಳಗಲ್ಲ, ಒಂದರಿಂದ ಇನ್ನೊಂದಕ್ಕೆ ದಾಟುವಾಗ. ಆರೋಗ್ಯವಾಗಿರುವವರ ತಲೆ ಕೂಡ ಒಂದು ಹೊತ್ತಿಗೆ ಸುಮಾರು 4 ವಿಷಯಗಳನ್ನಷ್ಟೇ ಹಿಡಿದಿಟ್ಟುಕೊಳ್ಳುತ್ತೆ ಅಂತ ಮನೋವಿಜ್ಞಾನಿ ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದ್ದರು. ನಮ್ಮಂಥವರಿಗೆ ಒಂದು ಫೋನ್ ಬಂದರೆ ಸಾಕು, ಇದ್ದದ್ದೂ ಜಾರುತ್ತೆ.

ಹಾಗಾಗಿ ನಾನು ಮಾಡೋದು ಹೀಗೆ. ಲೆಕ್ಕದ ಫೈಲು ತೆರೆದು ಕೂತಿದ್ದೀನಿ, ಫೋನ್ ರಿಂಗಾಗುತ್ತೆ. ಆಗಲಿ ಬಿಡಿ. ಮೊದಲು ಕರ್ಸರ್ ಇರುವ ಜಾಗದಲ್ಲೇ ಕೆಂಪು ಅಕ್ಷರದಲ್ಲಿ ಟೈಪ್ ಮಾಡ್ತೀನಿ: "ಮುಂದೆ: ಮೂರನೇ ಕಾಲಂ ಮೊತ್ತವನ್ನು ಹಳೇ ಫೈಲಿನ ಜೊತೆ ತಾಳೆ ನೋಡು." ಆಮೇಲೆ ಫೋನ್. "ಲೆಕ್ಕ ಮುಗಿಸು" ಅಂತ ಬರೆದರೆ ಉಪಯೋಗವಿಲ್ಲ, ವಾಪಸ್ ಬಂದಾಗ ಎಲ್ಲಿಂದ ಅನ್ನೋದೇ ಗೊತ್ತಾಗಲ್ಲ. ಕೈ ಮುಂದೆ ಏನು ಮಾಡಬೇಕೋ ಅದನ್ನೇ ಬರೀಬೇಕು. ಬಿಟ್ಟ ಕೆಲಸದ ಗುಂಗು ಮುಂದಿನ ಕೆಲಸವನ್ನು ಕೆಡಿಸುತ್ತೆ ಅಂತ 2009ರಲ್ಲಿ ತೋರಿಸಿದ ಸಂಶೋಧಕಿ ಸೋಫಿ ಲೆರಾಯ್, 2018ರಲ್ಲಿ ಥೆರೇಸಾ ಗ್ಲಾಂಬ್ ಜೊತೆ ಮಾಡಿದ ಅಧ್ಯಯನದಲ್ಲಿ ಇದೇ ಥರದ ಟಿಪ್ಪಣಿಯಿಂದ ಆ ಗುಂಗು ಕಡಿಮೆಯಾಗೋದನ್ನು ಕಂಡರು. ಅವರು ಪರೀಕ್ಷಿಸಿದ್ದು ಸಾಮಾನ್ಯ ಜನರನ್ನು. ಮಂಕು ಕವಿದವರಿಗೆ ಇದರ ಅಗತ್ಯ ಇನ್ನೂ ಹೆಚ್ಚು ಅಂತ ನನ್ನ ನಂಬಿಕೆ.

ಮನೆಯಲ್ಲೂ ಇದೇ ನಿಯಮ. ಒಲೆ ಉರೀತಿರುವಾಗ ಅಡುಗೆಮನೆಯಿಂದ ಹೊರಗೆ ಬರಬೇಕಾದರೆ ಸೌಟು ಕೈಯಲ್ಲೇ ಇರುತ್ತೆ. ಹಾಲ್‌ನಲ್ಲಿ ಸೌಟು ಹಿಡಿದು ನಿಂತವರಿಗೆ ಒಲೆ ಮರೆಯೋದು ಕಷ್ಟ. ಮಾತ್ರೆಗೆ ವಾರದ ಡಬ್ಬಿ ಇಟ್ಟಿದ್ದೀನಿ. ತಗೊಂಡೆನೋ ಇಲ್ಲವೋ ಅನ್ನೋ ಅನುಮಾನ ಬಂದರೆ ಖಾನೆ ನೋಡಿದರಾಯಿತು, ಎರಡು ಸಲ ನುಂಗುವ ಭಯವಿಲ್ಲ. ಬಾಗಿಲಿಗೆ ಬೀಗ ಹಾಕುವಾಗ "ಹಾಕಿದೆ" ಅಂತ ಬಾಯಿಬಿಟ್ಟು ಹೇಳ್ತೀನಿ.

ಇನ್ನು ಹೊತ್ತಿನ ವಿಚಾರ. ಮಂಕು ದಿನವಿಡೀ ಒಂದೇ ಸಮ ಇರಲ್ಲ. ಒಂದು ವಾರ ಗಮನಿಸಿದರೆ ನಿಮ್ಮ ತಲೆ ಯಾವಾಗ ತುಸು ಓಡುತ್ತೆ ಅಂತ ಗೊತ್ತಾಗುತ್ತೆ. ಲೆಕ್ಕ, ಬರವಣಿಗೆ, ಸಹಿ ಹಾಕುವ ಕಾಗದ ಎಲ್ಲ ಆ ಹೊತ್ತಿಗೆ. ಬಟ್ಟೆ ಮಡಿಸೋದು, ಫೈಲು ಜೋಡಿಸೋದು ಉಳಿದ ಹೊತ್ತಿಗೆ. ಒಳ್ಳೇ ದಿನ ಬಂತು ಅಂತ ಬಾಕಿ ಕೆಲಸವೆಲ್ಲ ಅವತ್ತೇ ಮುಗಿಸೋಕೆ ಹೊರಡಬೇಡಿ, ಸಂಬಳ ಬಂದ ದಿನವೇ ಪೂರ್ತಿ ಖರ್ಚು ಮಾಡಿದ ಹಾಗಾಗುತ್ತೆ. ಮೈಗೋ ತಲೆಗೋ ಶ್ರಮ ಕೊಟ್ಟ ಮರುದಿನ ನೀವು ಪೂರ್ತಿ ಕುಸಿಯುತ್ತೀರಾದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಕೋವಿಡ್ ನಂತರದ ತೊಂದರೆ ಇರುವ ಕೆಲವರಲ್ಲಿ, ವಿಪರೀತ ಸುಸ್ತು ಬಹುಕಾಲ ಕಾಡುವ ಕಾಯಿಲೆಯಾದ ಎಂಇ/ಸಿಎಫ್‌ಎಸ್ ಇರುವವರಲ್ಲಿ ಹೀಗಾಗುತ್ತೆ. "ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಜಾಸ್ತಿ ಮಾಡ್ತಾ ಹೋಗಿ" ಅನ್ನೋ ಸಲಹೆ ಅವರಿಗೆ ಸಲ್ಲದು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ ಎಂಇ/ಸಿಎಫ್‌ಎಸ್‌ಗೆ ಅಂಥ ಚಿಕಿತ್ಸೆ ಕೊಡಬಾರದು ಅಂತಲೇ ಹೇಳಿದೆ. ಆ ಥರ ಕುಸಿತ ಇಲ್ಲದವರಿಗೆ ನಡಿಗೆ ಒಳ್ಳೆಯದೇ.

ನಿದ್ದೆ ಬಗ್ಗೆ ನಿಮಗೆ ಗೊತ್ತಿರುತ್ತೆ, ಉದ್ದ ಎಳೆಯಲ್ಲ. ಕಾಫಿ ಕುಡಿದು ಸುಮಾರು 5 ಗಂಟೆಯಾದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತೆ. ಸಂಜೆಯ ಮಂಕಿಗೆ ಕಾಫಿ ಮದ್ದಲ್ಲ. ಮೆದುಳಿಗೆ ವ್ಯಾಯಾಮ ಕೊಡ್ತೀವಿ ಅನ್ನೋ ಆಟದ ಆ್ಯಪ್‌ಗಳಿಗೆ ದುಡ್ಡು ಹಾಕೋ ಮುಂಚೆ ಇದು ನೆನಪಿರಲಿ: ಅಂಥದ್ದೇ ಒಂದು ಆ್ಯಪ್ ಆದ ಲುಮೋಸಿಟಿಯ ಕಂಪನಿ 2016ರಲ್ಲಿ, ದಾರಿ ತಪ್ಪಿಸುವ ಜಾಹೀರಾತಿನ ಆರೋಪವನ್ನು ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಎದುರು 20 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು.

ಜನರ ಜೊತೆಗಿನ ವ್ಯವಹಾರವೇ ಹೆಚ್ಚು ನೋಯಿಸೋದು, ನಿಮ್ಮ ಪ್ರಶ್ನೆಯಲ್ಲೂ ಆ ನೋವು ಕಾಣ್ತಿದೆ. ಪದ ನಾಲಿಗೆ ತುದಿಯಲ್ಲೇ ನಿಂತರೆ ಹುಡುಕ್ತಾ ನಿಲ್ಲಬೇಡಿ. ಸ್ಟೇಪ್ಲರ್ ಬರಲಿಲ್ಲವಾ, "ಕಾಗದಕ್ಕೆ ಪಿನ್ ಹೊಡೆಯೋದು" ಅಂದು ಮುಂದೆ ಹೋಗಿ. ಕೆಲಸದ ಕಡೆ ಎಲ್ಲರಿಗೂ ಕಾಯಿಲೆಯ ಕಥೆ ಹೇಳಬೇಕಿಲ್ಲ. ನಂಬುವ ಒಬ್ಬರಿಗೆ ಹೇಳಿ, ಉಳಿದವರಲ್ಲಿ ಒಂದೇ ಕೋರಿಕೆ: "ಬಾಯಲ್ಲಿ ಹೇಳಿದ್ದನ್ನು ಒಂದು ಸಾಲು ಮೆಸೇಜ್ ಮಾಡಿಬಿಡಿ." ನಾನು ಕೇಳಿದಾಗ ಯಾರೂ ಆಗಲ್ಲ ಅಂದಿಲ್ಲ. ಮನೆಯವರಿಗೆ ಮಾತ್ರ ಬಿಡಿಸಿ ಹೇಳಿ. "ಈಗ ತಾನೆ ಹೇಳಿದ್ನಲ್ಲ, ಗಮನ ಎಲ್ಲಿರುತ್ತೆ ನಿಂಗೆ?" ಅನ್ನೋ ಮಾತು ಹೇಳಿದವರಿಗೆ ಸಣ್ಣದು. ಕೇಳಿಸಿಕೊಂಡವರು ಆಮೇಲೆ ಏನನ್ನೂ ಎರಡನೇ ಸಲ ಕೇಳೋಕೆ ಹೆದರ್ತಾರೆ, ಆಗ ತಪ್ಪುಗಳು ಹೆಚ್ಚುತ್ತವೆ. ಇದನ್ನು ಅವರಿಗೆ ಶಾಂತವಾಗಿ ವಿವರಿಸಿದರೆ ಅರ್ಥಮಾಡಿಕೊಳ್ತಾರೆ.

ಕೊನೆಗೆ ಗಾಡಿಯ ವಿಷಯ. ಮಂಕು ದಟ್ಟವಾಗಿರುವ ದಿನ ಓಡಿಸಬೇಡಿ. ಬಂದ ದಾರಿಯ ಸಿಗ್ನಲ್ ದಾಟಿದ್ದೇ ನೆನಪಿಲ್ಲ ಅನ್ನುವಂತಾದರೆ ಪಕ್ಕಕ್ಕೆ ನಿಲ್ಲಿಸಿ, ಮನೆಯವರಿಗೆ ಫೋನ್ ಮಾಡಿ ಕರೆಸಿಕೊಳ್ಳಿ.